ಲಕ್ಷಣ ಕಾಣುವ ಮೊದಲೇ: ದೊಡ್ಡ ಕರುಳಿನ ಕ್ಯಾನ್ಸರನ್ನು ತಡೆಯುವ ಕ್ರಮ

ದೊಡ್ಡ ಕರುಳಿನಲ್ಲಿ ಮತ್ತು ಅದರ ಕೊನೆಯ ಭಾಗವಾದ ಗುದನಾಳದಲ್ಲಿ ಹುಟ್ಟುವ ಕ್ಯಾನ್ಸರ್, ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ಬರುವ ಕ್ಯಾನ್ಸರ್‌ಗಳ ಪೈಕಿ ಮೂರನೆಯದು. ಸಾವಿನ ಲೆಕ್ಕದಲ್ಲಿ ಎರಡನೆಯದು. 2022ರ ಒಂದೇ ವರ್ಷದಲ್ಲಿ ಸುಮಾರು 19 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು ಮತ್ತು ಸುಮಾರು 9 ಲಕ್ಷ ಜನ ಇದರಿಂದ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇಷ್ಟು ಜನರನ್ನು ಬಲಿ ತೆಗೆದುಕೊಳ್ಳುವ ಈ ಕಾಯಿಲೆ, ಹುಟ್ಟುವ ಮೊದಲೇ ತಡೆಯಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಒಂದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ತಡೆ ಸಾಧ್ಯವಾಗುವುದು ಈ ಕ್ಯಾನ್ಸರ್ ಬೆಳೆಯುವ ರೀತಿಯಿಂದ. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನ ಒಳಪದರದಲ್ಲಿ ವಯಸ್ಸಾದಂತೆ ಪಾಲಿಪ್ ಎಂದು ಕರೆಯುವ ಸಣ್ಣ ಗಂಟುಗಳು ಮೂಡುತ್ತವೆ. ಇವುಗಳಲ್ಲಿ ಹೆಚ್ಚಿನವು ಜೀವನವಿಡೀ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅಡಿನೋಮಾ ಎಂಬ ಜಾತಿಯ ಮತ್ತು ಅಂಚು ಗರಗಸದಂತೆ ಕಾಣುವ ಇನ್ನೊಂದು ಜಾತಿಯ ಪಾಲಿಪ್‌ಗಳಲ್ಲಿ ಕೆಲವು ಮಾತ್ರ ನಿಧಾನವಾಗಿ ದೊಡ್ಡದಾಗಿ, ಜೀವಕೋಶಗಳ ವಂಶವಾಹಿಗಳಲ್ಲಿ ಒಂದರ ಮೇಲೊಂದು ದೋಷ ಸೇರಿಕೊಂಡು, ಕೊನೆಗೆ ಕ್ಯಾನ್ಸರ್ ಆಗುತ್ತವೆ. ಗಾತ್ರ ಒಂದು ಸೆಂಟಿಮೀಟರ್ ದಾಟಿದರೆ ಅಪಾಯ ಹೆಚ್ಚು. ಈ ಬದಲಾವಣೆಗೆ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಯಾವಾಗಲಾದರೂ ಪಾಲಿಪನ್ನು ಕಂಡು ತೆಗೆದುಹಾಕಿದರೆ, ಅದರಿಂದ ಬರಬೇಕಿದ್ದ ಕ್ಯಾನ್ಸರ್ ಬರುವುದೇ ಇಲ್ಲ. ತೊಡಕೆಂದರೆ, ಈ ಹತ್ತು ವರ್ಷವೂ ಮನುಷ್ಯನಿಗೆ ಸಾಮಾನ್ಯವಾಗಿ ನೋವಾಗಲಿ, ಹಸಿವು ಕಡಿಮೆಯಾಗುವುದಾಗಲಿ ಇರುವುದಿಲ್ಲ. ಆದ್ದರಿಂದ ಏನಾದರೂ ತೊಂದರೆ ಕಾಣಿಸಿಕೊಂಡ ಮೇಲೆ ನೋಡಿದರಾಯಿತು ಎಂದು ಕೂತವರಿಗೆ ಈ ಅವಕಾಶ ಸಿಗುವುದಿಲ್ಲ. ಮುಂದೆ ಹೇಳುವ ಕ್ರಮವೆಲ್ಲ, ಚೆನ್ನಾಗಿಯೇ ಇದ್ದೇನೆ ಎಂದುಕೊಂಡಿರುವವರು ಅನುಸರಿಸಬೇಕಾದದ್ದು.

ಮೊದಲು ಮನೆಯವರನ್ನು ಕೇಳಿ

ತಪಾಸಣೆ ಯಾವ ವಯಸ್ಸಿಗೆ ಆರಂಭವಾಗಬೇಕು ಎಂಬುದು ಕುಟುಂಬದ ಹಿನ್ನೆಲೆಯನ್ನು ಅವಲಂಬಿಸಿದೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ನಿಮಗೆ ಬರುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಅವರಿಗೆ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಮೊದಲ ಕೆಲಸ ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ.

ಮನೆಯ ಹಿರಿಯರನ್ನು ಕೇಳಿದರೆ ಮೊದಲ ಉತ್ತರ ಸಾಮಾನ್ಯವಾಗಿ ಅಸ್ಪಷ್ಟವಾಗಿರುತ್ತದೆ. ಹೊಟ್ಟೆಯ ಕಾಯಿಲೆಯಿಂದ ಹೋದರು, ಏನೋ ಗಡ್ಡೆಯಾಗಿತ್ತು, ಮೂಲವ್ಯಾಧಿ ಹೆಚ್ಚಾಗಿತ್ತು ಎನ್ನುವ ಮಾತುಗಳ ಹಿಂದೆ ಕರುಳಿನ ಕ್ಯಾನ್ಸರ್ ಇದ್ದಿರಬಹುದು, ಇರದೆಯೂ ಇರಬಹುದು. ಆದ್ದರಿಂದ ಬಿಡಿಬಿಡಿಯಾಗಿ ಕೇಳಬೇಕು: ಕಾಯಿಲೆ ಯಾವ ಅಂಗದಲ್ಲಿತ್ತು, ಪತ್ತೆಯಾದಾಗ ವಯಸ್ಸು ಎಷ್ಟು, ಶಸ್ತ್ರಚಿಕಿತ್ಸೆ ಆಗಿತ್ತೇ, ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಚೀಲ ಹಾಕಿದ್ದರೇ, ಹಳೆಯ ಕಾಗದಪತ್ರ ಯಾರ ಬಳಿಯಾದರೂ ಉಳಿದಿದೆಯೇ. ತೀರಿಕೊಂಡ ವಯಸ್ಸಿಗಿಂತ ಕಾಯಿಲೆ ಪತ್ತೆಯಾದ ವಯಸ್ಸು ಮುಖ್ಯ. ಬದುಕಿರುವವರಲ್ಲಿ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿ ಪಾಲಿಪ್ ತೆಗೆಸಿಕೊಂಡವರಿದ್ದರೆ ಅದನ್ನೂ ಬರೆದುಕೊಳ್ಳಿ, ಏಕೆಂದರೆ ದೊಡ್ಡ ಪಾಲಿಪ್ ಇದ್ದವರ ಹತ್ತಿರದ ರಕ್ತಸಂಬಂಧಿಗಳಿಗೂ ಬೇಗ ತಪಾಸಣೆ ಬೇಕಾಗಬಹುದು.

ಕರುಳಿನ ಕ್ಯಾನ್ಸರ್ ಬಗ್ಗೆ ಮಾತ್ರ ಕೇಳಿದರೆ ಸಾಲದು. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿರುವ ಕುಟುಂಬಗಳಲ್ಲಿ ಗರ್ಭಕೋಶದ ಒಳಪದರ, ಅಂಡಾಶಯ, ಜಠರ ಮತ್ತು ಮೂತ್ರನಾಳಗಳ ಕ್ಯಾನ್ಸರ್‌ಗಳೂ ಕಾಣಿಸಿಕೊಳ್ಳುತ್ತವೆ. ಒಂದೇ ಕಡೆಯ ಮೂರ್ನಾಲ್ಕು ಸಂಬಂಧಿಕರಿಗೆ ಇಂಥ ಕ್ಯಾನ್ಸರ್ ಬಂದಿದ್ದರೆ, ಅದರಲ್ಲೂ ಒಬ್ಬರಿಗಾದರೂ ಐವತ್ತರೊಳಗೆ ಬಂದಿದ್ದರೆ, ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಈ ದೋಷವಿರುವವರಿಗೆ ಇಪ್ಪತ್ತರಿಂದ ಇಪ್ಪತ್ತೈದನೆಯ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡುವುದು ವಾಡಿಕೆ. ಯಾವ ವಂಶವಾಹಿಯಲ್ಲಿ ದೋಷವಿದೆ ಎಂಬುದರ ಮೇಲೆ ಆರಂಭದ ವಯಸ್ಸು ತುಸು ಹೆಚ್ಚು ಕಡಿಮೆ ಆಗಬಹುದು. ಎಪಿಸಿ ಎಂಬ ವಂಶವಾಹಿಯ ದೋಷದಿಂದ ಕರುಳಿನ ತುಂಬ ನೂರಾರು, ಸಾವಿರಾರು ಪಾಲಿಪ್‌ಗಳು ಮೂಡುವ ಇನ್ನೊಂದು ಅಪರೂಪದ ಸ್ಥಿತಿಯಿದೆ. ಅಂಥ ಕುಟುಂಬಗಳ ಮಕ್ಕಳನ್ನು ಹತ್ತು ಹನ್ನೆರಡರ ವಯಸ್ಸಿನಿಂದಲೇ ಪರೀಕ್ಷಿಸುತ್ತಾರೆ.

ಯಾವಾಗ ಆರಂಭಿಸಬೇಕು

ಕುಟುಂಬದಲ್ಲಿ ಯಾರಿಗೂ ಇಲ್ಲ, ತಮಗೂ ಯಾವ ಲಕ್ಷಣವಿಲ್ಲ ಎನ್ನುವವರಿಗೆ ಬಹಳ ಕಾಲ ಐವತ್ತು ವರ್ಷವೇ ಆರಂಭದ ವಯಸ್ಸಾಗಿತ್ತು. ಐವತ್ತರೊಳಗಿನವರಲ್ಲಿ ಕಾಯಿಲೆ ಹೆಚ್ಚುತ್ತಿರುವುದನ್ನು ಕಂಡು ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಅದನ್ನು 45ಕ್ಕೆ ಇಳಿಸಿತು. ಬೇರೆ ಬೇರೆ ದೇಶಗಳ ಸರ್ಕಾರಿ ಕಾರ್ಯಕ್ರಮಗಳಲ್ಲಿ ವಯಸ್ಸು ಬೇರೆ ಬೇರೆಯಾಗಿದೆ. ನಿಮ್ಮ ವೈದ್ಯರು 45 ಅಥವಾ 50 ಎಂದರೆ ಎರಡಕ್ಕೂ ಆಧಾರವಿದೆ. ಐವತ್ತೈದಾದರೂ ಒಮ್ಮೆಯೂ ಪರೀಕ್ಷೆ ಮಾಡಿಸದೆ ಇರುವುದು ಮಾತ್ರ ಒಳ್ಳೆಯದಲ್ಲ.

ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಅರವತ್ತರೊಳಗೆ ಈ ಕ್ಯಾನ್ಸರ್ ಬಂದಿದ್ದರೆ ಲೆಕ್ಕ ಬದಲಾಗುತ್ತದೆ: ನಲವತ್ತು ವರ್ಷ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆ ಬರುತ್ತದೋ ಅದು. ಅಣ್ಣನಿಗೆ 46ರಲ್ಲಿ ಪತ್ತೆಯಾಗಿದ್ದರೆ ತಮ್ಮ ತಂಗಿಯರು 36ಕ್ಕೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆಯಿಂದ ದೊಡ್ಡ ಕರುಳಿನಲ್ಲಿ ಬಹುಕಾಲದ ಉರಿಯೂತ ಇರುವವರು, ಆ ಕಾಯಿಲೆ ಕಾಣಿಸಿಕೊಂಡ ಎಂಟು ವರ್ಷದ ಹೊತ್ತಿಗೆ, ವಯಸ್ಸು ಎಷ್ಟೇ ಇರಲಿ, ಕೊಲೊನೋಸ್ಕೋಪಿಯನ್ನು ಆರಂಭಿಸಬೇಕು.

ಮನೆಯಲ್ಲೇ ಮಾಡಬಹುದಾದ ಮಲ ಪರೀಕ್ಷೆ

ಸಾಮಾನ್ಯ ಅಪಾಯದವರಿಗೆ ಎರಡು ಮುಖ್ಯ ದಾರಿಗಳಿವೆ. ಒಂದು, ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದೆಯೇ ಎಂದು ನೋಡುವ ಪರೀಕ್ಷೆ. ಇನ್ನೊಂದು, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿ. ಯಾವುದು ಉತ್ತಮ ಎಂಬ ಚರ್ಚೆ ತಜ್ಞರಲ್ಲಿ ಮುಗಿದಿಲ್ಲ. ನೀವು ನಿಜವಾಗಿ ಮಾಡಿಸಿಕೊಳ್ಳುವ ಪರೀಕ್ಷೆಯೇ ನಿಮಗೆ ಉತ್ತಮ ಎಂಬ ಮಾತನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಈಗ ಬಳಕೆಯಲ್ಲಿರುವ ಮಲ ಪರೀಕ್ಷೆಗಳಲ್ಲಿ ಫಿಟ್ ಎಂದು ಕರೆಯುವ ಪರೀಕ್ಷೆ ಹಳೆಯದಕ್ಕಿಂತ ಮೇಲು. ಅದು ಮನುಷ್ಯನ ಹಿಮೋಗ್ಲೋಬಿನನ್ನು ಮಾತ್ರ ಗುರುತಿಸುವುದರಿಂದ ಊಟದಲ್ಲಿ ಪಥ್ಯ ಬೇಕಿಲ್ಲ. ಹಳೆಯ ಗ್ವಾಯಾಕ್ ಪರೀಕ್ಷೆಗೆ ಮುನ್ನ ಕೆಂಪು ಮಾಂಸವನ್ನೂ ಹೆಚ್ಚು ಪ್ರಮಾಣದ ವಿಟಮಿನ್ ಸಿಯನ್ನೂ ಕೆಲವು ದಿನ ಬಿಡಬೇಕಾಗುತ್ತದೆ. ನಿಮಗೆ ಕೊಟ್ಟಿರುವುದು ಯಾವುದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಮಾದರಿ ತೆಗೆಯುವಾಗ ಮಲ ನೀರಿಗೆ ಬೀಳುವ ಮೊದಲೇ ಅದನ್ನು ಒಣಗಿದ, ಶುಚಿಯಾದ ಡಬ್ಬಿಯಲ್ಲಿ ಅಥವಾ ಹರಡಿದ ಕಾಗದದ ಮೇಲೆ ಹಿಡಿಯಬೇಕು. ಕಿಟ್‌ನಲ್ಲಿರುವ ಕಡ್ಡಿಯನ್ನು ಮಲದ ಮೇಲ್ಭಾಗದಲ್ಲಿ ಒಂದೇ ಕಡೆಗಲ್ಲದೆ ನಾಲ್ಕಾರು ಕಡೆ ತಾಗಿಸಿ, ಅದರ ತುದಿಯ ಗೀರುಗಳು ತುಂಬುವಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಹೆಚ್ಚು ಹಾಕಿದರೆ ಫಲಿತಾಂಶ ಹೆಚ್ಚು ಖಚಿತವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಡ್ಡಿಯನ್ನು ನಳಿಕೆಗೆ ಸೇರಿಸಿ ಮುಚ್ಚಿ, ಹೆಸರು ಮತ್ತು ದಿನಾಂಕ ಬರೆದು, ಕಿಟ್‌ನಲ್ಲಿ ಹೇಳಿದ ಅವಧಿಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ತಡವಾದರೆ, ಅಥವಾ ಬಿಸಿಲಲ್ಲಿ ಇಟ್ಟರೆ, ಹಿಮೋಗ್ಲೋಬಿನ್ ಕೆಟ್ಟು ಇರುವ ರಕ್ತವೂ ಇಲ್ಲವೆಂದು ಬರಬಹುದು. ಮುಟ್ಟಿನ ದಿನಗಳಲ್ಲಿ, ಅಥವಾ ಮೂಲವ್ಯಾಧಿಯಿಂದ ರಕ್ತ ಸೋರುತ್ತಿರುವಾಗ, ಮಾದರಿ ತೆಗೆಯಬಾರದು.

ಒಂದು ಸಲದ ಫಿಟ್ ಪರೀಕ್ಷೆ ಕ್ಯಾನ್ಸರ್ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಯನ್ನು ಹಿಡಿಯುತ್ತದೆ. ದೊಡ್ಡ ಪಾಲಿಪ್‌ಗಳಲ್ಲಿ ಸುಮಾರು ಕಾಲು ಭಾಗವನ್ನಷ್ಟೇ. ಅದಕ್ಕಾಗಿಯೇ ಅದನ್ನು ಪ್ರತಿ ವರ್ಷ, ಕೆಲವು ದೇಶಗಳಲ್ಲಿ ಎರಡು ವರ್ಷಕ್ಕೊಮ್ಮೆ, ಮಾಡಿಸಬೇಕು. ಒಮ್ಮೆ ಮಾಡಿಸಿ ಮರೆತರೆ ಅದರ ಪ್ರಯೋಜನದ ಬಹುಭಾಗ ಕೈತಪ್ಪುತ್ತದೆ.

ಫಲಿತಾಂಶ ಪಾಸಿಟಿವ್ ಬಂದರೆ ಏನು ಮಾಡಬೇಕೆಂಬಲ್ಲಿಯೇ ಹೆಚ್ಚಿನ ಎಡವಟ್ಟು ಆಗುತ್ತದೆ. ಪಾಸಿಟಿವ್ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ. ಅಂಥವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಕೊಲೊನೋಸ್ಕೋಪಿ ಮಾಡಲೇಬೇಕು ಎಂದು ಅದರ ಅರ್ಥ. ಇನ್ನೊಂದು ಸಲ ಮಲ ಪರೀಕ್ಷೆ ಮಾಡಿಸಿ, ಅದು ನೆಗೆಟಿವ್ ಬಂದಿತೆಂದು ನಿಟ್ಟುಸಿರು ಬಿಡುವುದು ಅಪಾಯಕರ, ಏಕೆಂದರೆ ಪಾಲಿಪ್ ಆಗಲಿ ಗಡ್ಡೆಯಾಗಲಿ ದಿನವೂ ರಕ್ತ ಸೋರಿಸುವುದಿಲ್ಲ. ಮೂಲವ್ಯಾಧಿ ಇದೆಯಲ್ಲ, ಅದರಿಂದಲೇ ಇರಬೇಕು ಎಂಬ ಸಮಾಧಾನವೂ ಸಲ್ಲದು. ಕೊಲೊನೋಸ್ಕೋಪಿಯನ್ನು ಕೆಲವು ವಾರಗಳಲ್ಲಿ ಮುಗಿಸಬೇಕು. ತಿಂಗಳುಗಟ್ಟಲೆ ಮುಂದೂಡಿದಷ್ಟೂ ಮುಂದುವರಿದ ಹಂತದಲ್ಲಿ ಪತ್ತೆಯಾಗುವ ಸಂಭವ ಏರುತ್ತದೆ.

ಆರೋಗ್ಯ ತಪಾಸಣೆಯ ಪ್ಯಾಕೇಜ್‌ಗಳಲ್ಲಿ ಸಿಇಎ ಎಂಬ ರಕ್ತ ಪರೀಕ್ಷೆಯನ್ನು ಕ್ಯಾನ್ಸರ್ ಪತ್ತೆಗೆಂದು ಸೇರಿಸುವುದುಂಟು. ಚಿಕಿತ್ಸೆಯಾದವರಲ್ಲಿ ಕಾಯಿಲೆ ಮರುಕಳಿಸಿದೆಯೇ ಎಂದು ಗಮನಿಸಲು ಅದು ಉಪಯುಕ್ತ. ಆರೋಗ್ಯವಂತರಲ್ಲಿ ಹೊಸದಾಗಿ ಕ್ಯಾನ್ಸರ್ ಹುಡುಕಲು ಅದು ಸೂಕ್ತವಲ್ಲ. ಅದು ಸಾಮಾನ್ಯ ಮಟ್ಟದಲ್ಲಿದೆ ಎಂಬ ಕಾರಣಕ್ಕೆ ಉಳಿದ ಪರೀಕ್ಷೆಯನ್ನು ಕೈಬಿಡಬೇಡಿ.

ಕೊಲೊನೋಸ್ಕೋಪಿಗೆ ಸಿದ್ಧವಾಗುವುದು

ಕೊಲೊನೋಸ್ಕೋಪಿಯ ವಿಶೇಷವೆಂದರೆ, ಪತ್ತೆಯೂ ತಡೆಯೂ ಒಂದೇ ಸಲಕ್ಕೆ ಆಗುತ್ತವೆ: ಕಂಡ ಪಾಲಿಪನ್ನು ಅಲ್ಲಿಯೇ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಏನೂ ಸಿಗದಿದ್ದರೆ ಸಾಮಾನ್ಯ ಅಪಾಯದವರು ಹತ್ತು ವರ್ಷ ನಿಶ್ಚಿಂತೆಯಿಂದ ಇರಬಹುದು. ಆದರೆ ಈ ನಿಶ್ಚಿಂತೆ ಕರುಳು ಎಷ್ಟು ಶುಚಿಯಾಗಿತ್ತು ಎಂಬುದನ್ನು ಅವಲಂಬಿಸಿದೆ. ಮಲ ಉಳಿದ ಕರುಳಿನಲ್ಲಿ ಚಪ್ಪಟೆಯಾದ ಪಾಲಿಪ್‌ಗಳು ಮರೆಯಾಗುತ್ತವೆ. ಪರೀಕ್ಷೆಯ ಅರ್ಧದಷ್ಟು ಫಲ ರೋಗಿಯ ಕೈಯಲ್ಲೇ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಒಂದು ವಾರ ಮೊದಲು ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿ ಅಂಟಂಟಾಗಿ ಮಾಡುವುದರಿಂದ ಅದನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸುತ್ತಾರೆ. ರಕ್ತ ತೆಳುಮಾಡುವ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದು ಪ್ರಾಣಕ್ಕೇ ಕುತ್ತು ತಂದೀತು. ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್ ಪ್ರಮಾಣವನ್ನು ಉಪವಾಸದ ದಿನಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಅದನ್ನು ಮರೆಯದೆ ಹೇಳಬೇಕು, ಏಕೆಂದರೆ ಕರುಳು ತೊಳೆಯುವ ಔಷಧಗಳಲ್ಲಿ ಕೆಲವು, ಮುಖ್ಯವಾಗಿ ಸೋಡಿಯಂ ಫಾಸ್ಫೇಟ್ ಇರುವಂಥವು, ಅವರಿಗೆ ಆಗುವುದಿಲ್ಲ.

ಪರೀಕ್ಷೆಗೆ ಎರಡು ಮೂರು ದಿನ ಮೊದಲಿನಿಂದ ಬೀಜ, ಸಿಪ್ಪೆ, ಇಡಿ ಧಾನ್ಯ, ಹಸಿ ತರಕಾರಿಗಳನ್ನು ಬಿಡಬೇಕು. ವರ್ಷವಿಡೀ ನಾರಿನಂಶ ತಿನ್ನಿ ಎಂದು ಹೇಳುವ ವೈದ್ಯರು ಈ ಮೂರು ದಿನ ಮಾತ್ರ ಅದರ ವಿರುದ್ಧ ಹೇಳುತ್ತಾರೆ, ಗೊಂದಲ ಬೇಡ. ಹಿಂದಿನ ದಿನ ತಿಳಿಯಾದ ದ್ರವಗಳು ಮಾತ್ರ: ನೀರು, ಸೋಸಿದ ಸಾರು, ತಿರುಳಿಲ್ಲದ ಹಣ್ಣಿನ ರಸ, ಹಾಲು ಹಾಕದ ಚಹಾ. ಕೆಂಪು ಮತ್ತು ನೇರಳೆ ಬಣ್ಣದ ಪಾನೀಯಗಳು ಬೇಡ. ಕರುಳಿನ ಒಳಗೆ ಅವು ರಕ್ತದಂತೆ ಕಾಣುತ್ತವೆ.

ಭೇದಿ ಔಷಧವನ್ನು ಒಂದೇ ಸಲ ಕುಡಿಯುವುದಕ್ಕಿಂತ ಎರಡು ಭಾಗ ಮಾಡಿ ಕುಡಿದರೆ ಕರುಳು ಹೆಚ್ಚು ಶುಚಿಯಾಗುತ್ತದೆ. ಅರ್ಧ ಹಿಂದಿನ ಸಂಜೆ. ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಆರಂಭಿಸಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಸುವುದು. ಬೆಳಿಗ್ಗೆ ಎಂಟಕ್ಕೆ ಪರೀಕ್ಷೆಯಿದ್ದರೆ ನಸುಕಿನ ಮೂರಕ್ಕೆ ಏಳಬೇಕಾಗುತ್ತದೆ. ಬೇಸರವೇ ಸರಿ, ಆದರೆ ಬಿಡಬೇಡಿ. ಔಷಧದ ರುಚಿ ಚೆನ್ನಾಗಿರುವುದಿಲ್ಲ. ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ನಡುನಡುವೆ ನಿಲ್ಲಿಸಿ ಕುಡಿದರೆ ವಾಕರಿಕೆ ಕಡಿಮೆ. ಮೇಲಿಂದ ಮೇಲೆ ಭೇದಿಯಾಗುವುದರಿಂದ ಗುದದ್ವಾರದ ಚರ್ಮ ಉರಿಯುತ್ತದೆ. ಮೊದಲೇ ವ್ಯಾಸಲೀನ್ ಹಚ್ಚಿಕೊಳ್ಳಿ, ಉಜ್ಜಿ ಒರೆಸುವ ಬದಲು ನೀರಿನಿಂದ ತೊಳೆದುಕೊಳ್ಳಿ. ಕೊನೆಗೆ ಹೊರಬರುವುದು ತಿಳಿಹಳದಿ ನೀರಿನಂತಿರಬೇಕು. ಔಷಧವೆಲ್ಲ ಮುಗಿದ ಮೇಲೂ ಕಂದು ಬಣ್ಣದ ಮಲ ಬರುತ್ತಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ. ಅದನ್ನು ಮುಚ್ಚಿಟ್ಟು ಹೋದರೆ ಇಡೀ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಬಹುದು.

ಪರೀಕ್ಷೆ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮಂಪರಿನ ಔಷಧ ಕೊಡುವುದರಿಂದ ಹೆಚ್ಚಿನವರಿಗೆ ಏನಾಯಿತೆಂಬುದೇ ನೆನಪಿರುವುದಿಲ್ಲ. ಆ ದಿನ ವಾಹನ ಓಡಿಸಬಾರದು, ಮುಖ್ಯ ಕಾಗದಪತ್ರಕ್ಕೆ ಸಹಿ ಹಾಕಬಾರದು, ಜೊತೆಗೆ ಒಬ್ಬರು ಇರಬೇಕು. ಕರುಳಿಗೆ ತೂತು ಬೀಳುವ ಅಪಾಯ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ಮನೆಗೆ ಬಂದ ಮೇಲೆ ಹೊಟ್ಟೆ ಬಿಗಿದು ತೀವ್ರ ನೋವು, ಜ್ವರ, ಅಥವಾ ಹೆಚ್ಚು ರಕ್ತಸ್ರಾವ ಕಂಡರೆ ತಕ್ಷಣ ಮರಳಿ ಹೋಗಬೇಕು. ಪಾಲಿಪ್ ತೆಗೆದ ಜಾಗದಿಂದ ಎರಡು ವಾರದವರೆಗೂ ರಕ್ತ ಬರಬಹುದು ಎಂಬುದು ನೆನಪಿರಲಿ.

ವೈದ್ಯರನ್ನು ಪ್ರಶ್ನೆ ಕೇಳಲು ನಮ್ಮಲ್ಲಿ ಅನೇಕರಿಗೆ ಸಂಕೋಚ. ಆದರೆ ಇಲ್ಲಿ ಕೇಳಬೇಕಾದದ್ದು ಕೆಲವೇ: ಕ್ಯಾಮೆರಾ ದೊಡ್ಡ ಕರುಳಿನ ಮೊದಲ ತುದಿಯವರೆಗೂ ತಲುಪಿತೇ, ಕರುಳು ಶುಚಿಯಾಗಿತ್ತೇ, ಪಾಲಿಪ್ ಸಿಕ್ಕಿದ್ದರೆ ಎಷ್ಟು, ಎಷ್ಟು ದೊಡ್ಡದು, ಮುಂದಿನ ಪರೀಕ್ಷೆ ಯಾವಾಗ. ಕ್ಯಾಮೆರಾವನ್ನು ಹಿಂದಕ್ಕೆ ಎಳೆಯುತ್ತ ನೋಡಲು ಕನಿಷ್ಠ ಆರು ನಿಮಿಷವಾದರೂ ಬೇಕು ಎಂಬುದು ಬಹುಕಾಲದ ಮಾನದಂಡ, ಅಮೆರಿಕದ ತಜ್ಞರು 2024ರಲ್ಲಿ ಅದನ್ನು ಎಂಟು ನಿಮಿಷಕ್ಕೆ ಏರಿಸಿದರು. ಒಳ್ಳೆಯ ವರದಿಗಳಲ್ಲಿ ಈ ಸಮಯವನ್ನೂ ನಮೂದಿಸಿರುತ್ತಾರೆ.

ಲಕ್ಷಣ ಕಂಡರೆ ದಾರಿಯೇ ಬೇರೆ

ಮೇಲಿನ ವಯಸ್ಸಿನ ಲೆಕ್ಕವೆಲ್ಲ ಲಕ್ಷಣವಿಲ್ಲದವರಿಗೆ. ಲಕ್ಷಣ ಇರುವವರಿಗೆ ವಯಸ್ಸಿನ ಮಿತಿಯಿಲ್ಲ. ಅವರು ವರ್ಷದ ತಪಾಸಣೆಗೆ ಕಾಯದೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು. ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ಕೆಲವು ವಾರ ಕಳೆದರೂ ಸರಿಹೋಗದ ಬದಲಾವಣೆ, ಹೋಗಿಬಂದ ಮೇಲೂ ಹೊಟ್ಟೆ ಖಾಲಿಯಾಗಿಲ್ಲ ಎನಿಸುವುದು, ಮಲ ದಿನೇ ದಿನೇ ಸಣ್ಣಗೆ ಬರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು ಇವು ಗಮನಿಸಬೇಕಾದವು.

ಕರುಳಿನ ಬಲಭಾಗದ ಗಡ್ಡೆಗಳು ಇವು ಯಾವುದನ್ನೂ ತೋರಿಸದೆ ಇರಬಹುದು. ಅಲ್ಲಿ ಕರುಳು ಅಗಲವಾಗಿಯೂ ಮಲ ನೀರಾಗಿಯೂ ಇರುವುದರಿಂದ ತಡೆಯುಂಟಾಗುವುದಿಲ್ಲ. ಗೊತ್ತಾಗದಷ್ಟು ರಕ್ತ ತಿಂಗಳುಗಟ್ಟಲೆ ಸೋರಿ, ಕೊನೆಗೆ ಸುಸ್ತು, ಏದುಸಿರು, ಬಿಳಿಚಿದ ಮುಖ ಮಾತ್ರ ಕಾಣುತ್ತವೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬಂದಿದ್ದರೆ, ಮಾತ್ರೆ ಕೊಟ್ಟು ಕಳಿಸುವುದಕ್ಕೆ ಮೊದಲು ರಕ್ತ ಎಲ್ಲಿ ಹೋಗುತ್ತಿದೆ ಎಂದು ಜಠರ ಮತ್ತು ಕರುಳನ್ನು ನೋಡಬೇಕು. ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿತು ಎಂಬ ಸಂತೋಷದಲ್ಲಿ ಮೂಲ ಕಾರಣ ಮರೆತುಹೋಗುವುದು ಬಹಳ ಸಾಮಾನ್ಯ.

ಇನ್ನು ಮೂಲವ್ಯಾಧಿ. ಮಲದೊಂದಿಗೆ ರಕ್ತ ಬರುವ ಹೆಚ್ಚಿನವರಿಗೆ ಅದರಿಂದಲೇ ಬರುತ್ತದೆ ಎಂಬುದು ನಿಜ. ಆದರೆ ಅಚ್ಚಕೆಂಪು ರಕ್ತ ಗುದನಾಳದ ಕ್ಯಾನ್ಸರ್‌ನಿಂದಲೂ ಬರುತ್ತದೆ, ಮತ್ತು ಮೂಲವ್ಯಾಧಿ ಇರುವವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೇನೂ ಇಲ್ಲ. ವೈದ್ಯರು ಕೈಗವಸು ಹಾಕಿ ಬೆರಳಿಟ್ಟು ಪರೀಕ್ಷಿಸದೆ, ಕೇಳಿದ್ದರ ಮೇಲೆಯೇ ಮೂಲವ್ಯಾಧಿ ಎಂದು ಮುಲಾಮು ಬರೆದುಕೊಟ್ಟಿದ್ದರೆ, ಒಮ್ಮೆ ಪರೀಕ್ಷಿಸಿ ನೋಡಿ ಎಂದು ನೀವೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ವಯಸ್ಸು ಚಿಕ್ಕದೆಂಬ ಕಾರಣಕ್ಕೆ ಲಕ್ಷಣಗಳನ್ನು ತಳ್ಳಿಹಾಕುವುದು ಇನ್ನೊಂದು ಅಪಾಯ. ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್‌ಗೆ 2016ರಲ್ಲಿ ಕಾಯಿಲೆ ಪತ್ತೆಯಾದಾಗಲೇ ಅದು ಮೂರನೆಯ ಹಂತದಲ್ಲಿತ್ತು. 2020ರ ಆಗಸ್ಟ್‌ನಲ್ಲಿ 43ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಂತದ ವ್ಯತ್ಯಾಸ ಎಷ್ಟೆಂಬುದನ್ನು ಅಮೆರಿಕದ ನೋಂದಣಿ ಅಂಕಿಗಳೇ ತೋರಿಸುತ್ತವೆ: ಕರುಳಿನ ಗೋಡೆಯೊಳಗೇ ಇರುವಾಗ ಪತ್ತೆಯಾದವರಲ್ಲಿ ಸುಮಾರು ನೂರಕ್ಕೆ 90 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ, ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಆ ಸಂಖ್ಯೆ 15ರ ಆಸುಪಾಸಿಗೆ ಇಳಿಯುತ್ತದೆ.

ಊಟ, ನಡಿಗೆ, ಮದ್ಯ, ತಂಬಾಕು

ಜೀವನಶೈಲಿಯ ಬಗ್ಗೆ ಎಲ್ಲರೂ ಬೇಕಾದಷ್ಟು ಕೇಳಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಉಪ್ಪು ಹಾಕಿ, ಹೊಗೆಯಾಡಿಸಿ ಅಥವಾ ರಾಸಾಯನಿಕ ಸೇರಿಸಿ ಸಂಸ್ಕರಿಸಿದ ಮಾಂಸ, ಅಂದರೆ ಸಾಸೇಜ್, ಬೇಕನ್, ಹ್ಯಾಮ್ ಮುಂತಾದವುಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದು ವಿಂಗಡಿಸಿತು. ದಿನಕ್ಕೆ 50 ಗ್ರಾಂನಂತೆ ತಿಂದರೆ ಅಪಾಯ ಶೇಕಡ 18ರಷ್ಟು ಏರುತ್ತದೆ ಎಂಬುದು ಅದೇ ವರದಿಯ ಲೆಕ್ಕ. ಕೆಂಪು ಮಾಂಸವನ್ನು ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಇಡಿ ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣುಗಳಿಂದ ದಿನಕ್ಕೆ 30 ಗ್ರಾಂನಷ್ಟು ನಾರಿನಂಶ ಸಿಗಬೇಕು. ಪ್ರತಿ ಹೆಚ್ಚುವರಿ 10 ಗ್ರಾಂಗೆ ಅಪಾಯ ಶೇಕಡ 10ರಷ್ಟು ತಗ್ಗುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು. ಸೊಂಟದ ಸುತ್ತಳತೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮದ್ಯ ಮತ್ತು ತಂಬಾಕು ಎರಡೂ ಈ ಕ್ಯಾನ್ಸರ್‌ಗೆ ಸಾಬೀತಾದ ಕಾರಣಗಳು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಾನು ಸಸ್ಯಾಹಾರಿ, ದಿನವೂ ನಡೆಯುತ್ತೇನೆ, ಕುಡಿಯುವುದಿಲ್ಲ, ಹಾಗಾಗಿ ಪರೀಕ್ಷೆ ಬೇಡ ಎನ್ನುವವರು ಬಹಳ. ಒಳ್ಳೆಯ ಅಭ್ಯಾಸಗಳು ಅಪಾಯವನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆಗಲೇ ಬೆಳೆದ ಪಾಲಿಪನ್ನು ಯಾವ ಸೊಪ್ಪೂ ಕರಗಿಸುವುದಿಲ್ಲ. ಕರುಳು ಶುದ್ಧಿಯ ಹೆಸರಿನಲ್ಲಿ ಮಾರುವ ಪುಡಿಗಳಿಗೂ ಎನಿಮಾಗಳಿಗೂ ಕ್ಯಾನ್ಸರ್ ತಡೆಯುವ ಶಕ್ತಿಯಿದೆ ಎಂಬುದಕ್ಕೆ ಪುರಾವೆಯಿಲ್ಲ. ಆಸ್ಪಿರಿನ್ ಲಿಂಚ್ ಸಿಂಡ್ರೋಮ್ ಇರುವವರಲ್ಲಿ ಉಪಯೋಗಕ್ಕೆ ಬರುವುದು ಸಾಬೀತಾಗಿದೆ, ಆದರೆ ರಕ್ತಸ್ರಾವದ ಅಪಾಯವಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಯಾರೂ ಅದನ್ನು ದಿನವೂ ನುಂಗಬಾರದು.

ಬೇರೆಯವರಿಗೆ ತಿಳಿಸುವಾಗ

ಮಾರ್ಚ್ ತಿಂಗಳನ್ನು ಅಮೆರಿಕದಲ್ಲಿ 2000ದಿಂದ ಈ ಕ್ಯಾನ್ಸರ್‌ನ ಜಾಗೃತಿಗೆಂದು ಮೀಸಲಿಟ್ಟಿದ್ದಾರೆ. ಈಗ ಅದು ಬೇರೆ ದೇಶಗಳಿಗೂ ಹಬ್ಬಿದೆ. ಅದೇ ವರ್ಷ ಅಲ್ಲಿನ ಟಿವಿ ಪತ್ರಕರ್ತೆ ಕೇಟಿ ಕೌರಿಕ್, ಈ ಕಾಯಿಲೆಯಿಂದ 42ರಲ್ಲಿ ತೀರಿಕೊಂಡ ಪತಿಯ ನೆನಪಿನಲ್ಲಿ, ತಮ್ಮದೇ ಕೊಲೊನೋಸ್ಕೋಪಿಯನ್ನು ಟಿವಿಯಲ್ಲಿ ತೋರಿಸಿದರು. ಅದಾದ ಮೇಲೆ ಕೊಲೊನೋಸ್ಕೋಪಿ ಮಾಡಿಸಿಕೊಂಡವರ ಸಂಖ್ಯೆ ಸುಮಾರು ಶೇಕಡ 20ರಷ್ಟು ಏರಿತೆಂದು ಸಂಶೋಧಕರು ದಾಖಲಿಸಿದ್ದಾರೆ. ಸಂಕೋಚವನ್ನು ಮೀರಲು ಭಾಷಣಕ್ಕಿಂತ ಪರಿಚಿತ ಮುಖವೊಂದು ಹೆಚ್ಚು ಕೆಲಸ ಮಾಡುತ್ತದೆ.

ಆದ್ದರಿಂದ ಸಂಘದಲ್ಲೋ ಕೆಲಸದ ಜಾಗದಲ್ಲೋ ಜಾಗೃತಿ ಸಭೆ ಏರ್ಪಡಿಸುವವರು, ವೈದ್ಯರ ಜೊತೆಗೆ ಪರೀಕ್ಷೆ ಮಾಡಿಸಿಕೊಂಡ ಒಬ್ಬರನ್ನಾದರೂ ಮಾತನಾಡಿಸಬೇಕು. ಕ್ಯಾನ್ಸರ್ ಗೆದ್ದವರೇ ಆಗಬೇಕಿಲ್ಲ, ಪಾಲಿಪ್ ತೆಗೆಸಿಕೊಂಡು ಮರುದಿನ ಕೆಲಸಕ್ಕೆ ಹೋದವರ ಮಾತು ಇನ್ನೂ ಚೆನ್ನ. ಮಲ, ಭೇದಿ, ಗುದದ್ವಾರ ಎಂಬ ಮಾತುಗಳನ್ನು ಮುಖ ತಿರುಗಿಸದೆ, ನಗೆಯಾಡದೆ ಹೇಳಬೇಕು. ಕೊಳೆತ ಗಡ್ಡೆಗಳ ಚಿತ್ರ ತೋರಿಸಿ ಹೆದರಿಸುವುದರಿಂದ ಜನ ಪರೀಕ್ಷೆಯಿಂದಲೇ ದೂರ ಸರಿಯುತ್ತಾರೆ. ಪ್ರಶ್ನೆಗಳನ್ನು ಹೆಸರು ಬರೆಯದ ಚೀಟಿಗಳಲ್ಲಿ ಪಡೆಯಿರಿ. ಎದ್ದುನಿಂತು ಕೇಳಲಾಗದ ಪ್ರಶ್ನೆಗಳೇ ಮುಖ್ಯವಾದವು. ಕಾಯಿಲೆ ಬಂದವರ ಊಟವನ್ನೋ ಚಟವನ್ನೋ ಹಳಿಯುವ ಮಾತು ಸಭೆಯಲ್ಲಿ ಬರಬಾರದು, ಅಲ್ಲಿ ಕುಳಿತವರಲ್ಲಿ ಯಾರ ಮನೆಯಲ್ಲಿ ಏನಿದೆಯೋ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರು ಹೊರಡುವಾಗ ಕೈಯಲ್ಲಿ ಮುಂದಿನ ಹೆಜ್ಜೆಯೊಂದು ಇರಬೇಕು: ಮಲ ಪರೀಕ್ಷೆಯ ಕಿಟ್, ಇಲ್ಲವೇ ವೈದ್ಯರನ್ನು ಕಾಣುವ ದಿನಾಂಕ. ಪಾಸಿಟಿವ್ ಬಂದವರನ್ನು ಕೊಲೊನೋಸ್ಕೋಪಿಗೆ ಎಲ್ಲಿಗೆ ಕಳಿಸುವುದು ಎಂಬುದನ್ನು ನಿಶ್ಚಯಿಸದೆ ಕಿಟ್ ಹಂಚಲೇಬಾರದು.

ವರದಿ ಬಂದ ಮೇಲೆ

ಪಾಲಿಪ್ ತೆಗೆದಿದ್ದರೆ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ಬಯಾಪ್ಸಿ ವರದಿ ಕೆಲವು ದಿನಗಳ ನಂತರ ಬರುತ್ತದೆ. ಅದನ್ನು ಪಡೆಯದೆ ಕಡತ ಮುಚ್ಚಬೇಡಿ. ಸಣ್ಣ ಅಡಿನೋಮಾ ಒಂದೋ ಎರಡೋ ಇದ್ದವರಿಗೆ ಮುಂದಿನ ಕೊಲೊನೋಸ್ಕೋಪಿಯನ್ನು ಏಳರಿಂದ ಹತ್ತು ವರ್ಷದ ನಂತರ, ಮೂರು ನಾಲ್ಕು ಇದ್ದವರಿಗೆ ಮೂರರಿಂದ ಐದು ವರ್ಷದಲ್ಲಿ, ಐದರಿಂದ ಹತ್ತು ಇದ್ದರೆ ಅಥವಾ ಒಂದು ಸೆಂಟಿಮೀಟರಿನಷ್ಟು ದೊಡ್ಡದಿದ್ದರೆ ಮೂರು ವರ್ಷದಲ್ಲಿ, ಹತ್ತಕ್ಕೂ ಹೆಚ್ಚಿದ್ದರೆ ಒಂದೇ ವರ್ಷದಲ್ಲಿ ಮಾಡಬೇಕೆಂದು ಅಮೆರಿಕದ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ಎರಡೂ ವರದಿಗಳ ಪ್ರತಿಯನ್ನು ಮನೆಯಲ್ಲಿಡಿ, ಏಳು ವರ್ಷದ ನಂತರ ಆಸ್ಪತ್ರೆಯೂ ವೈದ್ಯರೂ ಬದಲಾಗಿರಬಹುದು.

ತಪಾಸಣೆಗೆ ಕೊನೆಯೂ ಇದೆ. ಎಪ್ಪತ್ತೈದರವರೆಗೆ ಅದನ್ನು ಮುಂದುವರಿಸುವುದರಲ್ಲಿ ಲಾಭವಿದೆ. ಅಲ್ಲಿಂದ ಎಂಬತ್ತೈದರವರೆಗೆ, ಹಿಂದಿನ ಪರೀಕ್ಷೆಗಳ ಫಲಿತಾಂಶವನ್ನೂ ಉಳಿದ ಆರೋಗ್ಯವನ್ನೂ ನೋಡಿ ವೈದ್ಯರೊಂದಿಗೆ ಕೂತು ತೀರ್ಮಾನಿಸಬೇಕು. ಹಿಂದೆ ಒಮ್ಮೆಯೂ ಮಾಡಿಸಿಕೊಳ್ಳದ ಗಟ್ಟಿಮುಟ್ಟಾದ ಹಿರಿಯರಿಗೆ ಒಂದು ಸಲ ಮಾಡಿಸುವುದು ಉಪಯುಕ್ತವಾಗಬಹುದು. ಎಂಬತ್ತೈದು ದಾಟಿದವರಿಗೆ ಲಕ್ಷಣವಿಲ್ಲದಿದ್ದರೆ ತಪಾಸಣೆಯ ಅಗತ್ಯವಿಲ್ಲ.